ಅತ್ತಿಯೊಳಗೆ ಯಾರು ಯಾರಿಗೆ ಏನಾಗಬೇಕು?



ಜೀವಶಾಸ್ತ್ರದ ಪಠ್ಯಪುಸ್ತಕದಲ್ಲಿ ಒಂದು ಪುಟ್ಟ ಕೋಷ್ಟಕ ಇರುತ್ತದೆ. ಎರಡು ಜೀವಿಗಳ ನಡುವಣ ಸಂಬಂಧವನ್ನು ಅದು ಕೂಡು, ಕಳೆ, ಸೊನ್ನೆ ಎಂಬ ಮೂರೇ ಗುರುತುಗಳಲ್ಲಿ ಹೇಳಿ ಮುಗಿಸುತ್ತದೆ. ಇಬ್ಬರಿಗೂ ಲಾಭವಾದರೆ ಅನ್ಯೋನ್ಯ ಸಹಜೀವನ. ಒಬ್ಬರಿಗೆ ಲಾಭವಾಗಿ ಇನ್ನೊಬ್ಬರಿಗೆ ನಷ್ಟವಾದರೆ ಪರೋಪಜೀವನ. ಒಬ್ಬರಿಗೆ ಲಾಭವಾಗಿ ಇನ್ನೊಬ್ಬರಿಗೆ ಏನೂ ಆಗದಿದ್ದರೆ ಸಹಭೋಜನ. ಪರೀಕ್ಷೆಯಲ್ಲಿ ಒಂದೊಂದಕ್ಕೂ ಒಂದೊಂದು ಉದಾಹರಣೆ ಬರೆದರೆ ಪೂರ್ತಿ ಅಂಕ.

ಈ ಕೋಷ್ಟಕವನ್ನು ಅಲ್ಲಗಳೆಯಲು ನಾನು ಬಂದಿಲ್ಲ. ಅದಿಲ್ಲದೆ ಈ ವಿಷಯದಲ್ಲಿ ಯೋಚನೆ ಶುರುವಾಗುವುದೇ ಕಷ್ಟ. ಆದರೆ ಅದನ್ನು ಕಂಠಪಾಠ ಮಾಡಿಸುವಾಗ ಒಂದು ತಪ್ಪು ತಿಳಿವಳಿಕೆ ಮಕ್ಕಳ ಮನಸ್ಸಿಗೆ ಇಳಿಯುತ್ತದೆ. ಬಂದಳಿಕೆ ಎಂದರೆ ಕಳ್ಳ, ಜೇನು ಎಂದರೆ ಉಪಕಾರಿ ಎಂದು ಹಣೆಪಟ್ಟಿ ಜೀವಿಗೇ ಅಂಟಿಬಿಡುತ್ತದೆ. ಆಮೇಲೆ ಅದನ್ನು ಕೀಳುವುದು ಕಷ್ಟ. ಕಳೆದ ಕೆಲವು ದಶಕಗಳ ಸಂಶೋಧನೆ ಓದಿದವರಿಗೆ ಕಾಣುವ ಚಿತ್ರವೇ ಬೇರೆ. ಆ ಗುರುತುಗಳು ಒಂದು ಕಾಲಕ್ಕೆ, ಒಂದು ಜಾಗಕ್ಕೆ, ಅಲ್ಲಿ ಸೇರಿರುವ ಇತರ ಜೀವಿಗಳಿಗೆ ತಕ್ಕಂತೆ ಬರುವ ಲೆಕ್ಕದ ಫಲ. ಜಾಗ ಬದಲಾದರೆ, ಮೂರನೆಯವರೊಬ್ಬರು ಬಂದು ಸೇರಿದರೆ, ಗುರುತೂ ಬದಲಾಗಬಹುದು. ಇಂದಿನ ಉಪನ್ಯಾಸದಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ.

ಸಹಜೀವನ ಎಂಬ ಪರಿಕಲ್ಪನೆಯನ್ನು ಗಟ್ಟಿಯಾಗಿ ನಿಲ್ಲಿಸಿದವನು ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ. 1878ರಲ್ಲಿ ಕಾಸೆಲ್ ನಗರದ ಸಭೆಯೊಂದರಲ್ಲಿ ಅವನು ಮಾಡಿದ ಭಾಷಣ ಮರುವರ್ಷ ಪುಸ್ತಕವಾಯಿತು. ಬೇರೆ ಬೇರೆ ಬಗೆಯ ಜೀವಿಗಳು ಒಟ್ಟಿಗೆ ಬಾಳುವುದಷ್ಟೇ ಅವನಿಗೆ ಸಹಜೀವನ. ಅದರಲ್ಲಿ ಪ್ರೀತಿಯೂ ಇರಲಿಲ್ಲ, ನ್ಯಾಯವೂ ಇರಲಿಲ್ಲ. ಪರೋಪಜೀವನವನ್ನೂ ಅವನು ಸಹಜೀವನದ ಒಳಗೇ ಸೇರಿಸಿದ್ದ. ಅದಕ್ಕೆ ಸ್ವಲ್ಪ ಮೊದಲು, 1875ರಲ್ಲಿ, ಬೆಲ್ಜಿಯಂನ ಪ್ರಾಣಿಶಾಸ್ತ್ರಜ್ಞ ವಾನ್ ಬೆನೆಡನ್ ಪ್ರಾಣಿಲೋಕದಲ್ಲಿ ಒಂದೇ ಪಂಕ್ತಿಯಲ್ಲಿ ಉಣ್ಣುವವರು, ಪರಸ್ಪರ ನೆರವಾಗುವವರು, ಪರೋಪಜೀವಿಗಳು ಎಂಬ ವಿಂಗಡಣೆ ಮಾಡಿದ್ದ. ಮುಂದೆ ಎರಡೂ ಬೆರೆತು, ಸಹಜೀವನ ಎಂದರೆ ಸೌಹಾರ್ದ ಎಂಬ ಅರ್ಥ ಜನಬಳಕೆಯಲ್ಲಿ ನಿಂತುಬಿಟ್ಟಿತು. ಈ ಉಪನ್ಯಾಸದಲ್ಲಿ ನಾನು ಡಿ ಬಾರಿಯ ವಿಶಾಲ ಅರ್ಥವನ್ನೇ ಹಿಡಿಯುತ್ತೇನೆ.

ಡಿ ಬಾರಿಯ ಕಣ್ಣ ಮುಂದಿದ್ದ ಮುಖ್ಯ ಉದಾಹರಣೆ ಕಲ್ಲುಹೂವು. ನಮ್ಮ ಮಸಾಲೆ ಡಬ್ಬಿಯಲ್ಲಿರುವ ಅದೇ ಕಲ್ಲುಹೂವು. ಅದು ಒಂದು ಸಸ್ಯವಲ್ಲ, ಶಿಲೀಂಧ್ರ ಮತ್ತು ಪಾಚಿ ಕೂಡಿ ಆದ ದೇಹ ಎಂದು ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ 1867ರಲ್ಲಿ ಹೇಳಿದಾಗ ಆ ಕಾಲದ ಕಲ್ಲುಹೂವಿನ ಪಂಡಿತರು ಸಿಟ್ಟಾದರು. ಶ್ವೆಂಡೆನರ್ ಬಳಸಿದ ಚಿತ್ರ ಸಹಕಾರದ್ದಲ್ಲ: ಶಿಲೀಂಧ್ರ ಒಡೆಯ, ಪಾಚಿ ಅವನು ಕೂಡಿಹಾಕಿದ ಆಳು. ಡಿ ಬಾರಿಗೆ ಅದೇ ಕಲ್ಲುಹೂವಿನಲ್ಲಿ ಒಟ್ಟು ಬಾಳ್ವೆ ಕಂಡಿತು. 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು ಹಲವು ಕಲ್ಲುಹೂವುಗಳ ಹೊರಪದರದಲ್ಲಿ ಇನ್ನೊಂದು ಜಾತಿಯ ಶಿಲೀಂಧ್ರ ಯೀಸ್ಟ್ ರೂಪದಲ್ಲಿ ಸೇರಿಕೊಂಡಿರುವುದನ್ನು ತೋರಿಸಿದರು. ಇಬ್ಬರ ಸಂಸಾರ ಎಂದುಕೊಂಡಿದ್ದ ಕಡೆ ಒಂದೂವರೆ ಶತಮಾನದ ನಂತರ ಮೂರನೆಯ ಪಾಲುದಾರ ಸಿಕ್ಕ.

ಪಠ್ಯಪುಸ್ತಕಕ್ಕೆ ಬಹಳ ಪ್ರಿಯವಾದ ಇನ್ನೊಂದು ಉದಾಹರಣೆ ಆಫ್ರಿಕದ ಆಕ್ಸ್‌ಪೆಕರ್ ಹಕ್ಕಿ. ಕಾಡೆಮ್ಮೆ, ಘೇಂಡಾಮೃಗ, ದನಗಳ ಮೈಮೇಲೆ ಕುಳಿತು ಉಣುಗು ಹೆಕ್ಕಿ ತಿನ್ನುತ್ತದೆ. ಹಕ್ಕಿಗೆ ಊಟ, ದನಕ್ಕೆ ನೆಮ್ಮದಿ. ಪಾಲ್ ವೀಕ್ಸ್ ಎಂಬ ಸಂಶೋಧಕ ಜಿಂಬಾಬ್ವೆಯಲ್ಲಿ ಕೆಲವು ಎತ್ತುಗಳ ಹತ್ತಿರ ಈ ಹಕ್ಕಿಗಳು ಸುಳಿಯದಂತೆ ಮಾಡಿ, ಕೆಲವಕ್ಕೆ ಬರಲು ಬಿಟ್ಟು ಹೋಲಿಸಿದ. 2000ದಲ್ಲಿ ಪ್ರಕಟವಾದ ಅವನ ವರದಿಯ ಪ್ರಕಾರ, ಹಕ್ಕಿ ಬಂದ ಎತ್ತುಗಳ ಮೈಮೇಲೆ ಬೆಳೆದ ಉಣುಗುಗಳೇನೂ ಕಡಿಮೆಯಾಗಲಿಲ್ಲ. ಗಾಯಗಳು ಮಾತ್ರ ಹೆಚ್ಚು ಕಾಲ ಹಸಿಯಾಗೇ ಉಳಿದವು, ಏಕೆಂದರೆ ಹಕ್ಕಿ ಅವನ್ನು ಕುಕ್ಕಿ ರಕ್ತ ಕುಡಿಯುತ್ತಿತ್ತು. ಹಾಗಾದರೆ ಇದು ಪರೋಪಜೀವಿಯೆ? ತೀರ್ಪು ಬರೆಯುವ ಮುನ್ನ ದಕ್ಷಿಣ ಆಫ್ರಿಕದ ಮಾತನ್ನೂ ಕೇಳಬೇಕು. ಅಲ್ಲಿ ರೋನ್ ಪ್ಲಾಟ್ಜ್ ಮತ್ತು ವೇಯ್ನ್ ಲಿಂಕ್ಲೇಟರ್ ಕಪ್ಪು ಘೇಂಡಾಮೃಗಗಳನ್ನು ಅಧ್ಯಯನ ಮಾಡಿ 2020ರಲ್ಲಿ ತೋರಿಸಿದ್ದು ಇದು: ಬೆನ್ನ ಮೇಲೆ ಈ ಹಕ್ಕಿ ಇದ್ದರೆ, ಅದರ ಕೂಗಿನಿಂದ ಎಚ್ಚೆತ್ತು, ಮನುಷ್ಯ ಬರುವುದನ್ನು ಘೇಂಡಾ ಎರಡು ಪಟ್ಟಿಗೂ ಹೆಚ್ಚು ದೂರದಿಂದಲೇ ತಿಳಿಯುತ್ತದೆ. ಘೇಂಡಾದ ಕಣ್ಣು ಮಂದ, ಬೇಟೆಗಾರರ ಕೈಯಲ್ಲಿ ಬಂದೂಕು. ಹೀಗಿರುವಲ್ಲಿ ಒಂದಷ್ಟು ರಕ್ತ ಕೊಟ್ಟು ಕಾವಲು ಪಡೆಯುವುದು ಅದಕ್ಕೆ ಗಿಟ್ಟುವ ವ್ಯವಹಾರವಿರಬಹುದು. ಕೊಟ್ಟಿಗೆಯ ಎತ್ತಿಗೆ ಆ ಕಾವಲಿನ ಅಗತ್ಯವೇ ಇಲ್ಲ. ಹಕ್ಕಿ ಅದೇ, ಲೆಕ್ಕ ಬೇರೆ.

ಈಗ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಮರದ ಬಳಿಗೆ ಬರುತ್ತೇನೆ. ಹೊಳೆಯ ದಂಡೆ, ಹೊಲದ ಬದು, ಊರ ದೇವಸ್ಥಾನದ ಹಿಂಬದಿ, ಎಲ್ಲಿ ನೋಡಿದರೂ ಸಿಗುವ ಅತ್ತಿ. ಗಾಣಗಾಪುರದಲ್ಲಿ ಭಕ್ತರು ಪ್ರದಕ್ಷಿಣೆ ಹಾಕುವ ಔದುಂಬರವೂ ಇದೇ. ಕಾಂಡಕ್ಕೇ ಗೊಂಚಲು ಗೊಂಚಲಾಗಿ ಕಾಯಿ ಕಟ್ಟುವ ಈ ಮರ ಹೂ ಬಿಟ್ಟದ್ದನ್ನು ಕಂಡವರಿಲ್ಲ ಎನ್ನುತ್ತಾರೆ. ನಿಜ, ಹೊರಗಿನಿಂದ ಕಾಣುವುದಿಲ್ಲ. ನಾವು ಕಾಯಿ ಎನ್ನುವುದು ಒಳಮುಖವಾಗಿ ಮುಚ್ಚಿಕೊಂಡ ಹೂಗೊಂಚಲು. ಅದರ ಒಳಗೋಡೆಗೆ ಸಾವಿರಾರು ಸಣ್ಣ ಹೂಗಳು ಅಂಟಿಕೊಂಡಿರುತ್ತವೆ. ಹಣ್ಣು ಬಿಚ್ಚಿದರೆ ಹುಳ ಎಂದು ಅತ್ತಿಯನ್ನು ಹಳಿಯುವ ಮಾತು ನಮ್ಮಲ್ಲಿದೆ. ಆ ಹುಳ ಇಲ್ಲದಿದ್ದರೆ ಅತ್ತಿಯ ಸಂತತಿಯೇ ಇರುತ್ತಿರಲಿಲ್ಲ.

ಆ ಹುಳ ಒಂದು ಕಣಜ, ಎರಡು ಮಿಲಿಮೀಟರ್ ಆಸುಪಾಸಿನ ಉದ್ದ. ಶಾಸ್ತ್ರೀಯ ಹೆಸರು ಸೆರಟೋಸೋಲೆನ್ ಫ್ಯೂಸಿಸೆಪ್ಸ್. ಅತ್ತಿಯ ಪರಾಗಸ್ಪರ್ಶ ಅದರಿಂದಲೇ ಆಗಬೇಕು. ಕಾಯಿಯೊಳಗಿನ ಹೂಗಳು ಸಿದ್ಧವಾದಾಗ ಮರ ತನ್ನದೇ ಗಂಧವನ್ನು ಗಾಳಿಗೆ ಬಿಡುತ್ತದೆ. ಹೆಣ್ಣು ಕಣಜ ಆ ಜಾಡು ಹಿಡಿದು ಬರುತ್ತದೆ. ಕಾಯಿಯ ತುದಿಯಲ್ಲಿ ಒತ್ತೊತ್ತಾದ ಹುರುಪೆಗಳಿಂದ ಮುಚ್ಚಿದ ಕಿಂಡಿಯಿದೆ. ಕಣಜ ಅದರಲ್ಲಿ ನುಗ್ಗುವಾಗ ರೆಕ್ಕೆ ಕಿತ್ತುಹೋಗುತ್ತದೆ, ಮೀಸೆಯ ತುಂಡೂ ಮುರಿಯುತ್ತದೆ. ಒಳಗೆ ಹೋದ ಮೇಲೆ ಅದು ಹೂಗಳ ಅಂಡಾಶಯದೊಳಕ್ಕೆ ಮೊಟ್ಟೆ ಇಡುತ್ತದೆ. ಎದೆಯ ಮೇಲಿನ ಜೇಬಿನಂಥ ಕುಳಿಗಳಿಂದ ತಾನು ಹುಟ್ಟಿದ ಕಾಯಿಯ ಪರಾಗವನ್ನು ತೆಗೆದು ಶಲಾಕಾಗ್ರಗಳಿಗೆ ಸವರುತ್ತದೆ. ಬಳಿಕ ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂ ಗಂಟಾಗಿ ಮರಿಗೆ ಆಹಾರವಾಗುತ್ತದೆ. ಮೊಟ್ಟೆ ಬೀಳದೆ ಪರಾಗ ಮಾತ್ರ ಸಿಕ್ಕ ಹೂ ಬೀಜವಾಗುತ್ತದೆ. ಮೊದಲು ಹೊರಬರುವುದು ರೆಕ್ಕೆಯಿಲ್ಲದ ಗಂಡುಗಳು. ಅವು ಇನ್ನೂ ಗಂಟಿನೊಳಗೇ ಇರುವ ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆಯಲ್ಲಿ ಸುರಂಗ ಕೊರೆದುಕೊಟ್ಟು ಸಾಯುತ್ತವೆ. ಆ ವೇಳೆಗೆ ಕಾಯಿಯ ಗಂಡುಹೂಗಳು ಮಾಗಿರುತ್ತವೆ. ಹೆಣ್ಣುಗಳು ಪರಾಗ ತುಂಬಿಕೊಂಡು ಹೊರಟುಬಿಡುತ್ತವೆ. ಅವುಗಳ ಬಳಿ ಇರುವುದು ಒಂದೆರಡು ದಿನದ ಆಯುಷ್ಯ. ಅಷ್ಟರಲ್ಲಿ ಇನ್ನೊಂದು ಅತ್ತಿಮರದ ಸಿದ್ಧವಾದ ಕಾಯಿ ಸಿಗಬೇಕು.

ಇಷ್ಟು ಸಣ್ಣ ಜೀವಿ ಎಷ್ಟು ದೂರ ಹೋದೀತು ಎಂದು ಅನುಮಾನ ಬರುವುದು ಸಹಜ. ನಮೀಬಿಯಾದ ಮರುಭೂಮಿಯಲ್ಲಿ ಒಂದು ಹೊಳೆಯುದ್ದಕ್ಕೂ ಅಲ್ಲೊಂದು ಇಲ್ಲೊಂದು ನಿಂತ ಅತ್ತಿಯ ಸಂಬಂಧಿ ಮರಗಳ ಬೀಜಗಳನ್ನು ತಳಿ ಪರೀಕ್ಷೆಗೆ ಒಳಪಡಿಸಿದಾಗ ಗಾಳಿಯ ಸಹಾಯದಿಂದ ಕಣಜಗಳು 160 ಕಿಲೋಮೀಟರ್‌ವರೆಗೂ ಪರಾಗ ಒಯ್ದದ್ದು ಗೊತ್ತಾಯಿತು. ಆ ಅಧ್ಯಯನ ಪ್ರಕಟವಾದದ್ದು 2009ರಲ್ಲಿ. ಈ ನಂಟಿನ ವಯಸ್ಸೂ ಸಣ್ಣದಲ್ಲ: ಅತ್ತಿ, ಆಲ, ಅರಳಿ, ಬಸರಿಗಳ ವಂಶ ಮತ್ತು ಅವುಗಳ ಕಣಜಗಳ ವಂಶ ಸುಮಾರು ಏಳೂವರೆ ಕೋಟಿ ವರ್ಷಗಳಿಂದ ಜೊತೆಯಾಗಿ ನಡೆದುಬಂದಿವೆ ಎಂದು ಎರಡೂ ಕಡೆಯ ವಂಶಾವಳಿ ಹೇಳುತ್ತದೆ. ಕ್ಯಾಲಿಫೋರ್ನಿಯಾದ ರೈತರು ಟರ್ಕಿಯ ಸ್ಮಿರ್ನಾ ಅಂಜೂರವನ್ನು ತಂದು ನೆಟ್ಟು, ಕಾಯಿ ನಿಲ್ಲದೆ ಉದುರುವುದನ್ನು ವರ್ಷಗಟ್ಟಲೆ ನೋಡಿದರು. 1899ರಲ್ಲಿ ಅದರ ಕಣಜವನ್ನು ತಂದು ಬಿಟ್ಟು ನೆಲೆಯೂರಿಸಿದ ಮೇಲೆ ಅಲ್ಲಿ ಹಣ್ಣಾಯಿತು.

ಇಷ್ಟರವರೆಗಿನ ಕಥೆಯನ್ನು ಕೋಷ್ಟಕದ ಭಾಷೆಯಲ್ಲಿ ಕೂಡು-ಕೂಡು ಎಂದು ಬರೆಯಬಹುದು. ಆದರೆ ಈ ಸ್ನೇಹದ ಒಳಗೇ ಜಗಳವಿದೆ. ಬೆಳೆಯುವ ಒಂದೊಂದು ಕಣಜಕ್ಕೂ ಮರ ಒಂದೊಂದು ಬೀಜ ತೆರಬೇಕು. ಎಲ್ಲ ಹೂಗಳಿಗೂ ಮೊಟ್ಟೆ ಇಟ್ಟರೆ ಕಣಜಕ್ಕೆ ಲಾಭ, ಮರ ನಿರ್ವಂಶ. ಪರಾಗ ಸವರುವ ಶ್ರಮ ಬಿಟ್ಟು ಮೊಟ್ಟೆ ಮಾತ್ರ ಇಟ್ಟರೂ ಕಣಜಕ್ಕೆ ಅನುಕೂಲವೇ. ಹಾಗಾದರೆ ಕೋಟ್ಯಂತರ ವರ್ಷ ಈ ಒಪ್ಪಂದ ಮುರಿಯದೆ ಉಳಿದದ್ದು ಹೇಗೆ? ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದ ಅತ್ಯಂತ ಸೊಗಸಾದ ಪ್ರಶ್ನೆ ಇದು.

ಒಂದು ಉತ್ತರ ಪನಾಮದಿಂದ ಬಂತು. ಷಾರ್ಲಟ್ ಯಾಂಡರ್ ಮತ್ತು ಅಲೆನ್ ಹೆರ್ ಪರಾಗವಿಲ್ಲದ ಕಣಜಗಳನ್ನು ಕಾಯಿಗಳೊಳಕ್ಕೆ ಬಿಟ್ಟು ನೋಡಿದರು. ಕಣಜವೇ ಕೈಯಾರೆ ಪರಾಗ ಸವರುವ ಜಾತಿಗಳಲ್ಲಿ, ಪರಾಗ ತಾರದ ಕಣಜ ಹೊಕ್ಕ ಕಾಯಿಗಳನ್ನು ಮರ ಉದುರಿಸಿತು, ಇಲ್ಲವೆ ಅಂಥ ಕಾಯಿಗಳಲ್ಲಿ ಮರಿಗಳು ಕಡಿಮೆಯಾದವು. ಮೋಸ ಮಾಡಿದವರಿಗೆ ಶಿಕ್ಷೆ. ಪರಾಗ ತಾನಾಗಿ ಮೈಗೆ ಅಂಟಿ ಬರುವ, ಅಂದರೆ ಮೋಸಕ್ಕೆ ಆಸ್ಪದವೇ ಇಲ್ಲದ ಜಾತಿಗಳಲ್ಲಿ ಅಂಥ ಶಿಕ್ಷೆ ಕಾಣಲಿಲ್ಲ. ಮರಕ್ಕೆ ಬುದ್ಧಿಯಿದೆ, ಕೋಪ ಬರುತ್ತದೆ ಎಂದು ಇದರ ಅರ್ಥವಲ್ಲ. ಬೀಜ ಕಟ್ಟದ ಕಾಯಿಗೆ ನೀರು, ಸಕ್ಕರೆ ಸುರಿಯದ ಮರಗಳ ಸಂತತಿ ಹೆಚ್ಚು ಉಳಿಯಿತು, ಅಷ್ಟೆ.

ಎರಡನೆಯ ಉತ್ತರಕ್ಕೆ ಅತ್ತಿಯ ಮನೆಯ ಉಳಿದ ವಾಸಿಗಳನ್ನು ಪರಿಚಯಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ರೆನೀ ಬೋರ್ಜೆಸ್ ಮತ್ತು ಅವರ ವಿದ್ಯಾರ್ಥಿಗಳು ಅತ್ತಿಯನ್ನು ವರ್ಷಾನುಗಟ್ಟಲೆ ಅಧ್ಯಯನ ಮಾಡಿದ್ದಾರೆ. ಪರಾಗ ತರುವ ಕಣಜದ ಜೊತೆಗೆ ಇನ್ನೂ ಆರು ಜಾತಿಯ ಕಣಜಗಳು ಅದೇ ಕಾಯಿಯಲ್ಲಿ ಬೆಳೆಯುತ್ತವೆ. ಅವು ಒಂದಿಷ್ಟೂ ಪರಾಗ ತರುವುದಿಲ್ಲ. ಕೆಲವು ತಾವೇ ಗಂಟು ಕಟ್ಟಿಸಿಕೊಂಡು ಹೂವನ್ನು ತಿನ್ನುತ್ತವೆ. ಕೆಲವು ಗಂಟಿನೊಳಗಿರುವ ಇತರ ಕಣಜಗಳ ಮರಿಗಳನ್ನೇ ಮುಗಿಸುತ್ತವೆ. ಕಿಂಡಿಯಿಂದ ಒಳಹೋಗುವ ಗೋಜಿಲ್ಲ. ಹೊರಗೆ ನಿಂತು ಕಾಯಿಯ ಗೋಡೆಯ ಮೂಲಕ ಸೂಜಿಯಂಥ ಅಂಡನಾಳ ಇಳಿಸಿ ಮೊಟ್ಟೆ ಇಡುತ್ತವೆ. ಕಾಯಿ ಬಲಿತ ಮೇಲೆ ಬರುವ ಒಂದು ಜಾತಿಯ ಅಂಡನಾಳದ ತುದಿಯ ಹಲ್ಲುಗಳಲ್ಲಿ ಸತು ಸೇರಿ ಗಟ್ಟಿಯಾಗಿರುವುದನ್ನು ಅದೇ ಸಂಸ್ಥೆಯ ಲಕ್ಷ್ಮೀನಾಥ್ ಕುಂದನಾಟಿ ಮತ್ತು ನಮ್ರತಾ ಗುಂಡಯ್ಯ 2014ರಲ್ಲಿ ವರದಿ ಮಾಡಿದರು. ಕೂದಲಿಗಿಂತ ಸಣ್ಣ ಬೈರಿಗೆ, ಅದರ ತುದಿಗೆ ಲೋಹ!

ಇವರನ್ನು ಕಳ್ಳರೆಂದು ಕರೆಯಲು ಯಾರಿಗೂ ಸಂಕೋಚವಾಗದು. ಆದರೆ 2008ರಲ್ಲಿ ಡೆರೆಕ್ ಡನ್, ಜೇಮ್ಸ್ ಕುಕ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಒಂದು ಅತ್ತಿ ಜಾತಿಯಲ್ಲಿ ಕಂಡದ್ದನ್ನು ಕೇಳಿ. ಹೊರಗಿನಿಂದ ಸೂಜಿ ಇಳಿಸುವವರಿಗೆ ಕಾಯಿಯ ಗೋಡೆಗೆ ಹತ್ತಿರವಿರುವ ಹೂಗಳಷ್ಟೇ ಸುಲಭವಾಗಿ ಸಿಗುತ್ತವೆ. ನಡುವಿನ ಟೊಳ್ಳಿಗೆ ಹತ್ತಿರವಿರುವ ಹೂಗಳು ಎಟುಕುವುದಿಲ್ಲ. ಹಾಗಾಗಿ ಪರಾಗ ತರುವ ಕಣಜದ ಮರಿಗಳಲ್ಲಿ ಗೋಡೆಯ ಪಕ್ಕದವು ಬೇಟೆಯಾಗುತ್ತವೆ, ಒಳಗಿನವು ಉಳಿಯುತ್ತವೆ. ಗೋಡೆಯ ಪಕ್ಕ ಮೊಟ್ಟೆ ಇಡುವುದು ಕಣಜಕ್ಕೆ ನಷ್ಟದ ಬಾಬತ್ತು. ಅದು ಬಿಟ್ಟುಕೊಟ್ಟ ಆ ಹೊರಸಾಲಿನ ಹೂಗಳಲ್ಲಿ ಮರದ ಬೀಜ ಕಟ್ಟುತ್ತದೆ. ಅಂದರೆ ಪಾಲುದಾರನ ಅತಿಯಾಸೆಗೆ ಮರದ ಪರವಾಗಿ ಕಡಿವಾಣ ಹಾಕುತ್ತಿರುವವರು ಕಳ್ಳರು! ಕಾಯಿಯೊಂದರ ಲೆಕ್ಕದಲ್ಲಿ ಅವರು ನಷ್ಟ, ವಂಶದ ಲೆಕ್ಕದಲ್ಲಿ ಒಪ್ಪಂದದ ಕಾವಲುಗಾರರು. ಇಬ್ಬರ ಹೆಸರು ಬರೆದು ನಡುವೆ ಒಂದು ಗುರುತು ಹಾಕುವ ಕೋಷ್ಟಕದಲ್ಲಿ ಇದಕ್ಕೆ ಜಾಗವೆಲ್ಲಿದೆ?

ಇನ್ನೂ ಇಬ್ಬರು ಬಾಕಿ. ಹೊರಗೆ ನಿಂತು ನಿಧಾನವಾಗಿ ಕೊರೆಯುವ ಕಣಜಗಳನ್ನು ಅತ್ತಿಮರದ ಮೇಲೆ ಓಡಾಡುವ ಚಗಳಿ ಇರುವೆಗಳು ಹಿಡಿದು ತಿನ್ನುತ್ತವೆ. ಪರಾಗ ತರುವವು ಬೇಗ ಕಿಂಡಿಯೊಳಗೆ ನುಸುಳುವುದರಿಂದ ಅಷ್ಟಾಗಿ ಸಿಕ್ಕಿಬೀಳುವುದಿಲ್ಲ. ಆದರೆ ಹೊಸ ಕಣಜಗಳು ಕಾಯಿಯಿಂದ ಹೊರಬೀಳುವ ಹೊತ್ತಿಗೆ ಇರುವೆಗೆ ಎಲ್ಲರೂ ಒಂದೇ. ಬೆಳಗ್ಗೆ ಮರಕ್ಕೆ ನೆರವು, ಮಧ್ಯಾಹ್ನ ತೊಂದರೆ ಎನ್ನುವ ಹಾಗೆ. ಎರಡನೆಯವರು ಅತ್ತಿಯ ದುಂಡುಹುಳುಗಳು. ಕಣ್ಣಿಗೆ ಕಾಣದಷ್ಟು ಸಣ್ಣ ಈ ಹುಳುಗಳು ಒಂದು ಕಾಯಿಯಿಂದ ಇನ್ನೊಂದಕ್ಕೆ ತಾವಾಗಿ ಹೋಗಲಾರವು. ಹೊರಡಲಿರುವ ಹೆಣ್ಣು ಕಣಜವನ್ನು ವಾಸನೆಯಿಂದಲೇ ಗುರುತಿಸಿ ಹತ್ತಿಕೊಳ್ಳುತ್ತವೆ. ಗಂಡುಗಳನ್ನೂ ಪರಾಗ ತಾರದ ಕಣಜಗಳನ್ನೂ ಬಿಡುತ್ತವೆ, ಏಕೆಂದರೆ ಹೊಸ ಕಾಯಿಯ ಒಳಗೆ ಹೋಗುವವಳು ಅವಳೊಬ್ಬಳೇ. ಸತ್ಯಜೀತ್ ಗುಪ್ತ ಮತ್ತು ಬೋರ್ಜೆಸ್ 2019ರಲ್ಲಿ ತೋರಿಸಿದಂತೆ, ಸವಾರರು ಕೆಲವರೇ ಇದ್ದಾಗ ಕಣಜಕ್ಕೂ ಮರಕ್ಕೂ ಹಾನಿ ಕಾಣುವುದಿಲ್ಲ. ಸಂಖ್ಯೆ ಹೆಚ್ಚಿದರೆ ಹಾರಾಟ ಕುಂದುತ್ತದೆ, ಮರಿಗಳೂ ಕಡಿಮೆಯಾಗುತ್ತವೆ. ಅದೇ ಹುಳು, ಅದೇ ಕಣಜ. ಕೆಲವಿದ್ದರೆ ಸಹಭೋಜನ, ಹಲವಿದ್ದರೆ ಪರೋಪಜೀವನ.

ಕಣಜದ ಆಯುಷ್ಯ ಒಂದೆರಡು ದಿನ ಎಂದೆನಲ್ಲ, ಅದರಿಂದ ಕಾಡಿಗೆ ಒಂದು ದೊಡ್ಡ ಉಪಕಾರವಾಗಿದೆ. ಎಲ್ಲ ಅತ್ತಿಮರಗಳೂ ಒಂದೇ ಋತುವಿನಲ್ಲಿ ಫಲಿಸಿದರೆ ಉಳಿದ ತಿಂಗಳುಗಳಲ್ಲಿ ಕಣಜದ ಕುಲ ಉಳಿಯದು. ಆದ್ದರಿಂದ ವರ್ಷದ ಯಾವ ತಿಂಗಳಲ್ಲೂ ಎಲ್ಲಾದರೂ ಒಂದು ಮರ ಕಾಯಿ ಹೊತ್ತಿರುತ್ತದೆ. ಬೇರೆ ಹಣ್ಣುಗಳಿಲ್ಲದ ದಿನಗಳಲ್ಲಿ ದಾಂಡೇಲಿಯ ಮಂಗಟ್ಟೆಗಳು, ಕುಟ್ರುಹಕ್ಕಿಗಳು, ಬಾವಲಿಗಳು, ಮುಸುವಗಳು ಈ ವಂಶದ ಮರಗಳಿಗೇ ಮುತ್ತುತ್ತವೆ. ರಸ್ತೆ ಅಗಲ ಮಾಡಲು ಸಾಲುಮರದ ಅತ್ತಿ, ಆಲ, ಗೋಣಿಗಳನ್ನು ಕಡಿಯುವಾಗ ಒಂದಕ್ಕೆ ಹತ್ತು ಸಸಿ ನೆಡುತ್ತೇವೆ ಎಂದು ಹೇಳುತ್ತಾರೆ. ಸಸಿ ಕಾಯಿ ಕಟ್ಟುವವರೆಗಿನ ವರ್ಷಗಳಲ್ಲಿ ಆ ಊರಿನ ಕಣಜಗಳಿಗೆ ಹತ್ತಿರದ ಇನ್ನೊಂದು ಮರ ಎಲ್ಲಿದೆ ಎಂದು ಯಾರೂ ಎಣಿಸುವುದಿಲ್ಲ. ನನಗೆ ಇದು ನೋವಿನ ವಿಷಯ.

ಜಾಗ ಬದಲಾದರೆ ಸಂಬಂಧ ಬದಲಾಗುವುದಕ್ಕೂ ನಮ್ಮ ಪಶ್ಚಿಮಘಟ್ಟದಲ್ಲೇ ಒಳ್ಳೆಯ ನಿದರ್ಶನ ಇದೆ. ಹಾಸಿಗೆಮರ ಎಂದು ಕೆಲವೆಡೆ ಕರೆಯುವ ಹಂಬೋಲ್ಟಿಯಾ ಬ್ರುನೋನಿಸ್, ಘಟ್ಟದ ಕಾಡಿನ ನೆರಳಲ್ಲಿ ಬೆಳೆಯುವ ಸಣ್ಣ ಮರ. ಅದರ ಕೆಲವು ಗಿಡಗಳಲ್ಲಿ ಕೊಂಬೆಯ ಗೆಣ್ಣುಗಳ ನಡುವಿನ ಭಾಗ ಉಬ್ಬಿ ಟೊಳ್ಳಾಗಿರುತ್ತದೆ, ತಾನಾಗೇ ಒಂದು ಬಾಗಿಲೂ ತೆರೆದಿರುತ್ತದೆ. ಅದರಲ್ಲಿ ಇರುವೆಗಳು ಸಂಸಾರ ಹೂಡುತ್ತವೆ, ಎಳೆ ಎಲೆಗಳ ಮೇಲಿನ ಗ್ರಂಥಿಗಳಿಂದ ಮಕರಂದ ಕುಡಿಯುತ್ತವೆ. ಬದಲಿಗೆ ಎಲೆ ತಿನ್ನುವ ಹುಳುಗಳನ್ನು ಓಡಿಸಬೇಕು. ಮೇಘಾ ಶೆಣೈ ಮತ್ತು ಬೋರ್ಜೆಸ್ ಘಟ್ಟದ ಉದ್ದಕ್ಕೂ ಹಲವು ಕಡೆ ಅಳೆದು ನೋಡಿದಾಗ, ನಿಜವಾದ ಕಾವಲು ದಕ್ಷಿಣದ ಒಂದು ಜಾಗದಲ್ಲಿ ಮಾತ್ರ ಕಂಡಿತು. ಉಳಿದೆಡೆ ಇರುವೆಗಳು ಬರೀ ಬಿಟ್ಟಿ ಬಾಡಿಗೆದಾರರು. ಅಷ್ಟೇ ಅಲ್ಲ, ಆ ಟೊಳ್ಳುಗಳಲ್ಲಿ ಎರೆಹುಳುಗಳೂ ಬಂದು ನೆಲೆಸುತ್ತವೆ, ಅವುಗಳಿಂದ ಕಾವಲಿನ ಪ್ರಶ್ನೆಯೇ ಇಲ್ಲ. ಆದರೆ 2014ರಲ್ಲಿ ಈ ತಂಡ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರ ಜೊತೆ ಸೇರಿ ಸಾರಜನಕದ ಐಸೋಟೋಪುಗಳ ಜಾಡು ಹಿಡಿದಾಗ, ಕಾಯದ ಇರುವೆಗಳ ಕಸವೂ ಎರೆಹುಳುಗಳ ಹಿಕ್ಕೆಯೂ ಟೊಳ್ಳಿನ ಒಳಗೋಡೆಯಿಂದ ಹೀರಲ್ಪಟ್ಟು ಗಿಡಕ್ಕೆ ಗೊಬ್ಬರವಾಗುತ್ತಿರುವುದು ತಿಳಿಯಿತು. ಬಿಟ್ಟಿ ಎಂದುಕೊಂಡವರು ಬಾಡಿಗೆ ಕೊಡುತ್ತಲೇ ಇದ್ದರು. ಅದುವರೆಗೆ ನೋಡುತ್ತಿದ್ದದ್ದು ಕಾವಲನ್ನು ಮಾತ್ರ, ಆದ್ದರಿಂದ ಗೊಬ್ಬರ ಲೆಕ್ಕಕ್ಕೆ ಬಂದಿರಲಿಲ್ಲ.

ಬಂದಳಿಕೆಯ ಮಾತು ಬೇಗ ಮುಗಿಸುತ್ತೇನೆ. ಮಾವಿನ ಕೊಂಬೆಗೆ ಅದು ಪರೋಪಜೀವಿ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಬದನಿಕೆ ಹಕ್ಕಿಗೆ ಅದೇ ಅನ್ನದಾತ. ಹಕ್ಕಿ ಹಣ್ಣು ನುಂಗಿ ಅಂಟುಬೀಜವನ್ನು ಇನ್ನೊಂದು ಕೊಂಬೆಗೆ ಒರೆಸುತ್ತದೆ. ನಮ್ಮ ಶ್ರೀಗಂಧವೂ ಅರೆ ಪರೋಪಜೀವಿ. ತನ್ನ ಎಲೆಯಲ್ಲಿ ಸಕ್ಕರೆ ತಾನೇ ಮಾಡಿಕೊಳ್ಳುತ್ತದೆ, ನೀರು ಮತ್ತು ಲವಣಗಳಿಗಾಗಿ ನೆರೆಯ ಗಿಡದ ಬೇರಿಗೆ ತನ್ನ ಬೇರಿನ ಬಿಲ್ಲೆ ಅಂಟಿಸುತ್ತದೆ. ಖಾಸಗಿ ಜಮೀನಿನ ಗಂಧದ ಮರ ಜಮೀನಿನ ಒಡೆಯನದೇ ಎಂದು 2001ರಲ್ಲಿ ಕರ್ನಾಟಕದ ಕಾನೂನು ತಿದ್ದುಪಡಿಯಾದ ಮೇಲೆ ಅನೇಕ ರೈತರು ಗಂಧ ನೆಟ್ಟಿದ್ದಾರೆ. ಸಸಿಯ ಜೊತೆಗೆ ತೊಗರಿಯನ್ನೋ ಹೊನಗೊನ್ನೆಯನ್ನೋ, ಮುಂದೆ ಆಸರೆಗೆ ದೊಡ್ಡ ಮರವನ್ನೋ ಕೊಡದೆ, ಕಳೆ ಎಂದು ಸುತ್ತಲಿನದೆಲ್ಲ ಕಿತ್ತು ಹಸನು ಮಾಡಿದ ತೋಟದಲ್ಲಿ ಗಂಧ ಬಡವಾಗುತ್ತದೆ.

ರೈತರ ಮಾತು ಬಂದದ್ದರಿಂದ ಕೊನೆಗೆ ಬೇರುಗಂಟಿನ ವಿಷಯಕ್ಕೆ ಬರುತ್ತೇನೆ. ತೊಗರಿ, ಕಡಲೆ, ಶೇಂಗಾ, ಅವರೆ, ಸೋಯಾ ಬೇರುಗಳ ಗಂಟುಗಳಲ್ಲಿ ರೈಜೋಬಿಯಂ ಬಗೆಯ ಬ್ಯಾಕ್ಟೀರಿಯಾಗಳಿವೆ, ಅವು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ, ಗಿಡ ಸಕ್ಕರೆ ಕೊಡುತ್ತದೆ. ಹೆಲ್ರೀಗೆಲ್ ಇದನ್ನು 1886ರಲ್ಲಿ ತೋರಿಸಿದ, 1888ರಲ್ಲಿ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. ಇಲ್ಲೂ ಮೋಸಗಾರರಿದ್ದಾರೆ: ಸಕ್ಕರೆ ತಿಂದು ಸಾರಜನಕ ಕೊಡದ ತಳಿಗಳು. 2003ರಲ್ಲಿ ಟೋಬಿ ಕೀರ್ಸ್ ಮತ್ತು ಸಂಗಡಿಗರು ಸೋಯಾ ಬೇರುಗಂಟುಗಳಿಗೆ ಸಾರಜನಕದ ಬದಲು ಆರ್ಗಾನ್ ತುಂಬಿದ ಗಾಳಿ ಕೊಟ್ಟು, ಒಳ್ಳೆಯ ಬ್ಯಾಕ್ಟೀರಿಯಾಗಳನ್ನೇ ಬಲವಂತದ ಮೋಸಗಾರರನ್ನಾಗಿ ಮಾಡಿದರು. ಗಿಡ ಅಂಥ ಗಂಟುಗಳಿಗೆ ಆಮ್ಲಜನಕ ಕಡಿಮೆ ಮಾಡಿತು, ಬ್ಯಾಕ್ಟೀರಿಯಾಗಳ ಬೆಳವಣಿಗೆ ಕುಸಿಯಿತು. ಪನಾಮದ ಅತ್ತಿಮರಗಳು ಮಾಡಿದ್ದನ್ನೇ ಸೋಯಾ ಮಣ್ಣಿನೊಳಗೆ ಮಾಡಿತು.

ಗಿಡಕ್ಕೆ ಈ ಪಾಲುದಾರನ ಅಗತ್ಯವೇ ಬೀಳದಂತೆ ನಾವೂ ಮಾಡಬಲ್ಲೆವು. ಮಣ್ಣಿಗೆ ಯೂರಿಯಾ ಸುರಿದರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಸಾರಜನಕ ಪುಕ್ಕಟೆಯಾಗಿ ಸಿಗುವಾಗ ಸಕ್ಕರೆ ತೆತ್ತು ಕೊಳ್ಳುವುದೇಕೆ? ರಂಜಕ ತುಂಬಿದ ಮಣ್ಣಿನಲ್ಲಿ, ಗಿಡಕ್ಕೆ ರಂಜಕ ಒದಗಿಸುವ ಬೇರಿನ ಶಿಲೀಂಧ್ರಗಳ ಗತಿಯೂ ಇದೇ. ದ್ವಿದಳ ಬೆಳೆಗೆ ಬಿತ್ತನೆಯ ಹೊತ್ತಿನ ಅಲ್ಪ ಸಾರಜನಕ ಸಾಕು, ಬೀಜಕ್ಕೆ ಆ ಬೆಳೆಗೆ ಹೊಂದುವ ರೈಜೋಬಿಯಂ ಹಚ್ಚಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದರ ಹಿಂದೆ ಇರುವುದು ಈ ತಿಳಿವಳಿಕೆಯೇ. ಇಲ್ಲಿರುವ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ಈ ಪಾಠ ಮಾಡುವ ವಾರ ಮಕ್ಕಳನ್ನು ಹೂ ಬಿಡುತ್ತಿರುವ ಒಂದು ಶೇಂಗಾ ಅಥವಾ ಅವರೆ ಹೊಲಕ್ಕೆ ಕರೆದೊಯ್ಯಿರಿ. ರೈತರನ್ನು ಕೇಳಿ, ಒಂದು ಗಿಡವನ್ನು ಬುಡದ ಮಣ್ಣಿನ ಸಮೇತ ಎತ್ತಿ, ಬೇರನ್ನು ಕಿತ್ತುಹಾಕದೆ ನೀರಿನಲ್ಲಿ ತೊಳೆಯಿರಿ. ಗಂಟುಗಳನ್ನು ಎಣಿಸಿ, ಉಗುರಿನಿಂದ ಸೀಳಿ ನೋಡಲು ಹೇಳಿ. ಒಳಗೆ ನಸುಗೆಂಪಾಗಿದ್ದರೆ ಆಮ್ಲಜನಕವನ್ನು ಹದದಲ್ಲಿಡುವ, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಂಧುವಾದ ಲೆಗ್‌ಹಿಮೋಗ್ಲೋಬಿನ್ ಅಲ್ಲಿದೆ, ಗಂಟು ಕೆಲಸ ಮಾಡುತ್ತಿದೆ. ಬೆಳ್ಳಗಿದ್ದರೆ ಅದು ಇನ್ನೂ ಎಳೆಯದು, ಇಲ್ಲವೆ ಸಕ್ಕರೆ ತಿಂದು ಕೆಲಸ ಮಾಡದ್ದು. ಹಸಿರಾಗಿದ್ದರೆ ಅದರ ಕೆಲಸ ಮುಗಿದಿದೆ. ಯೂರಿಯಾ ಹಾಕಿದ ಮಡಿಯಿಂದ ಒಂದು ಗಿಡ, ಹಾಕದ ಮಡಿಯಿಂದ ಒಂದು ಗಿಡ ಎತ್ತಿ ಹೋಲಿಸಿ ನೋಡಲಿ, ಎಣಿಸಿದ ಸಂಖ್ಯೆಯನ್ನು ಕೋಷ್ಟಕದ ಪಕ್ಕದಲ್ಲೇ ಬರೆದುಕೊಳ್ಳಲಿ.